ಕೆಟ್ಟುಹೋದ ಒಂದು ನಿಮಿಷ

ನೆರೂಳ್
11 ಡಿಸೆಂಬರ್ 2016

ಚನ್ನು,

‘ಏನಿಲ್ಲ, ಮನೆಯ ಮಾತು’ ಅಂತಲೋ, ‘ಏನಿಲ್ಲ, ಹೆಂಗಸರ ಮಾತು’ ಅಂತಲೋ. ಹಿಂದಿಯಲ್ಲಿ ಅಂದದ್ದಂತೂ ಹೌದು. ಲೇಲೆಯ ಕಂಪ್ಯೂಟರಿನ ಹಿಂದೆ ನಿಂತು ಯಾರೋ ಹೇಳಿದ ಆ ಮಾತು ಮೊನ್ನೆಯಿಂದ ತಲೆಯಲ್ಲಿ ಸುತ್ತುತ್ತಿದೆ. ಹದಿಮೂರು ವರ್ಷ ದಾಟಿದ ಮೇಲೆ ಬರೆಯುವ ಪತ್ರವನ್ನು ಹೀಗೆ ಶುರು ಮಾಡಬಾರದು. ಆದರೆ ಕುಶಲ ಕೇಳಿ ಶುರು ಮಾಡಿದರೆ ನೀನು ಅಲ್ಲಿಗೇ ಹರಿದು ಹಾಕುತ್ತೀ.

ಲೇಲೆ ಫೋನ್ ಮಾಡಿದ್ದ. ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಗಳು ಮಾಡಿದ ಕಿರುಚಿತ್ರಗಳನ್ನೆಲ್ಲ ಜೂನ್‌ನಲ್ಲಿ ಠಾಣೆ ನಗರದ ಒಂದು ಸಭಾಗೃಹದಲ್ಲಿ ತೋರಿಸುತ್ತಾರಂತೆ. ನಮ್ಮ ‘ಎರಡನೇ ಪಾಳಿ’ಯೂ ಬೇಕಂತೆ. ಹನ್ನೊಂದು ನಿಮಿಷದ್ದು, ನೀನು ಕ್ಯಾಮೆರಾ, ನಾನು ಶಬ್ದ, ಉಳಿದದ್ದೆಲ್ಲ ಅವನು. ಚಿತ್ರ ಅವನ ಹತ್ತಿರ ಇದೆ. ಟೇಪಿಗೆ ಬೂಸು ಹಿಡಿದು ಶಬ್ದ ಹಾಳಾಗಿದೆ. ನಾನು ಶಬ್ದ ಹಿಡಿದಿಟ್ಟ ಡಿಸ್ಕುಗಳು ಬೇಕು. ಮೂವರೂ ಒಪ್ಪಿದರೆ ಮಾತ್ರ ತೋರಿಸುವುದು ಎಂದು ಅವನೇ ಹೇಳಿದ. ನಿನ್ನ ಕೈಯ ಏಟನ್ನು ಅವನು ಮರೆತಂತಿಲ್ಲ.

ನಿನ್ನ ನಂಬರಿಗೆ ಮಾಡಿದರೆ ತಗೊಳ್ಳುವುದಿಲ್ಲ. ವಿಳಾಸ ಕಾಲೇಜಿನ ಗೆಳತಿ ಸೌಜನ್ಯ ಕೊಟ್ಟಳು. ಮೂವರಲ್ಲಿ ಕನ್ನಡ ಓದುವವರು ನಾವಿಬ್ಬರೇ, ಡೊಂಬಿವಲಿಯ ಒಂದೇ ಶಾಲೆಯಲ್ಲಿ ಏಳನೆಯವರೆಗೆ ಕಲಿತವರು. ಅದಕ್ಕೇ ಕನ್ನಡ.

ಪೆಟ್ಟಿಗೆ ತೆಗೆದೆ. ನಾಲ್ಕು ಡಿಸ್ಕು. ಮೂರನೆಯದರ ಮೇಲೆ ನನ್ನದೇ ಅಕ್ಷರ: ‘ಪಾರವ್ವ, ಮನೆ. ಮೌನ 1, ಕೆಟ್ಟಿದೆ. ಮೌನ 2, ಸರಿ.’ ಲೇಲೆ ಯಾವುದೋ ಪುಸ್ತಕ ಓದಿ ಹೇರಿದ ನಿಯಮ ನಿನಗೆ ನೆನಪಿರಬೇಕು. ಪ್ರತಿ ದೃಶ್ಯ ಮುಗಿದ ಮೇಲೆ ಯಾರೂ ಅಲುಗಾಡದೆ, ಮಾತಾಡದೆ, ಒಂದು ನಿಮಿಷ ಆ ಕೋಣೆಯ ಮೌನವನ್ನು ಹಿಡಿದಿಡಬೇಕು. ಒಂದು ಕೋಣೆಯ ಮೌನ ಇನ್ನೊಂದರ ಹಾಗಿರುವುದಿಲ್ಲ. ಎಂಐಡಿಸಿಯ ಕಾರ್ಖಾನೆಗಳ ನಡುವಿನ ನಿಮ್ಮ ಮನೆಯ ಮೌನದಲ್ಲಿ ದೂರದ ಬಾಯ್ಲರಿನ ಗುಂಯ್ ಇತ್ತು, ನೀವು ಮನೆಯವರಿಗೆ ಅದು ಕೇಳಿಸುತ್ತಲೇ ಇರಲಿಲ್ಲ.

ನಿನ್ನ ಅವ್ವ ಪಾರವ್ವನನ್ನು ನಾನು ಮೊದಲ ದಿನ ಆಂಟಿ ಅಂದೆ. ‘ಆಂಟಿ ಗೀಂಟಿ ಬ್ಯಾಡ, ಅವ್ವಾ ಅನ್ನು, ಬಾಯೇನ ಸವಿಯಂಗಿಲ್ಲ’ ಅಂದರು. ಪೇಂಟರನ ಕೋಲಿಗೆ ಕಟ್ಟಿದ್ದ ಮೈಕನ್ನು ನೋಡಿ, ‘ಈ ಕೋಲಿಗೆ ಎಷ್ಟ ದೂರದ್ದು ಕೇಳಸ್ತೈತಿ?’ ಎಂದು ಕೇಳಿದರು. ಹೆಡ್‌ಫೋನನ್ನು ಅವರ ಕಿವಿಗೇ ಹಾಕಿದೆ. ಮೂರು ಮನೆಯಾಚೆ ಕುಕ್ಕರ್ ಕೂಗಿತು. ‘ಅಯ್ಯ ಶಿವನ, ಪಾಪ ಅಕೀ ಬ್ಯಾಳಿ ಹತ್ತಿಸ್ಯಾಳ’ ಎಂದು ನಕ್ಕರು.

ಅವರು ಹೋದ ಸುದ್ದಿ ಕಳೆದ ವರ್ಷ ಗೊತ್ತಾಯಿತು. ಬರಲಿಲ್ಲ.

ತೋರಿಸುವುದೋ ಬೇಡವೋ, ಒಂದು ಮಾತು ಬರೆ.

ಪ್ರಣೀತಾ


ಕಲ್ಯಾಣ
2 ಜನವರಿ 2017

ಪ್ರಣೀತಾ ಅವರಿಗೆ,

ನಿಮ್ಮ ಪತ್ರ ತಲುಪಿತು. ಕುಕ್ಕರಿನ ಸಂಗತಿ ಚೆನ್ನಾಗಿ ಬರೆದಿದ್ದೀರಿ. ಬರೆಯದೆ ಬಿಟ್ಟದ್ದನ್ನು ನಾನು ಬರೆಯುತ್ತೇನೆ.

ಚಿತ್ರದಲ್ಲಿ ಮಾತು ಇರಲಿಲ್ಲ. ಅವ್ವ ಜೋಳ ಹಸನು ಮಾಡುವುದು, ಡಬ್ಬಿ ಕಟ್ಟುವುದು, ಕಾರ್ಖಾನೆಯ ಭೋಂಗಾ ಕೂಗುವುದನ್ನು ಕಾಯುವುದು, ಅಷ್ಟೇ. ಕಾಲೇಜಿನಲ್ಲಿ ತೋರಿಸಿದಾಗ ಎಲ್ಲರೂ ಚಪ್ಪಾಳೆ ಹೊಡೆದರು. ಕೊನೆಯ ಶಾಟಿನಲ್ಲಿ, ಖಾಲಿ ಹೊಸ್ತಿಲಿನ ಮೇಲೆ ಏನೋ ಗುಣುಗುಣು ಕೇಳಿತು. ಫ್ಯಾನಿನ ಸದ್ದಿನಲ್ಲಿ ನನಗೂ ಅದು ಗುಣುಗುಣು ಅಷ್ಟೇ. ಎರಡನೇ ಬಹುಮಾನ ಬಂತು. ಅದರ ಮುಂದಿನ ಭಾನುವಾರ ನಮ್ಮ ಕನ್ನಡ ಸಂಘದವರು ‘ನಮ್ಮ ಹುಡುಗರು’ ಎಂದು ಅಭಿಮಾನದಿಂದ ಕರೆದರು. ಭಜನೆಗೂ ಯಕ್ಷಗಾನಕ್ಕೂ ಇಟ್ಟಿದ್ದ ದೊಡ್ಡ ಸ್ಪೀಕರುಗಳಲ್ಲಿ ನಮ್ಮವ್ವನ ದನಿ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಬಂತು.

‘ಅಕ್ಕಾ, ವಾಲ್ವ ಬಿಟ್ಟಾಂವ ಶಂಕ್ರೆಪ್ಪ ಅಲ್ಲ. ಇವರ. ಇವರ ಕೈಲೆ ಆತದು.’

ಇನ್ನೂರು ಜನ. ಎಲ್ಲರಿಗೂ ಆ ವಾಲ್ವಿನ ಕಥೆ ಗೊತ್ತು. ಆ್ಯಸಿಡ್ ಹರಿದು ಗುತ್ತಿಗೆಯ ಒಬ್ಬ ಕೂಲಿಯ ಎರಡೂ ಕಾಲು ಸುಟ್ಟಿದ್ದವು. ವಿಚಾರಣೆಯಲ್ಲಿ ತಪ್ಪು ಶಂಕ್ರೆಪ್ಪಣ್ಣನ ಮೇಲೆ ಬಂದು ಅವನ ನೌಕರಿ ಹೋಗಿ ವರ್ಷ ಒಂದೂವರೆ ಆಗಿತ್ತು. ಅವನು ನಮ್ಮೂರವನು, ನಮ್ಮ ಸಾಲಿನಲ್ಲೇ ಇದ್ದವನು, ಅಪ್ಪನ ಜೋಡಿ ಒಂದೇ ಪಾಳಿ ಮಾಡಿದವನು. ಮೂರನೇ ಸಾಲಿನಲ್ಲಿ ಹೆಂಡತಿಯ ಪಕ್ಕ ಕೂತಿದ್ದ. ಎದ್ದು ಟೊಪಿಗೆ ಹಾಕಿಕೊಂಡ. ಬಾಗಿಲಲ್ಲಿ ನಿಂತು ಅವ್ವನ ಕಡೆ ಒಮ್ಮೆ ನೋಡಿ ಹೋದ.

ಯಂತ್ರಗಳ ಪಕ್ಕ ಇಪ್ಪತ್ತು ವರ್ಷ ನಿಂತು ಅಪ್ಪನ ಕಿವಿ ಆಗಲೇ ಮಂದವಾಗಿತ್ತು. ಅವನಿಗೆ ಏನೂ ಕೇಳಿಸಲಿಲ್ಲ. ದೀಪ ಹತ್ತಿದಾಗ ಇಡೀ ಸಭೆಯಲ್ಲಿ ಚಪ್ಪಾಳೆ ಹೊಡೆದವನು ನಮ್ಮಪ್ಪ ಬಾಳಪ್ಪ ಒಬ್ಬನೇ.

ಎರಡು ದಿನದಲ್ಲಿ ಯಾರೋ ಅವನ ಕಿವಿಯ ಹತ್ತಿರ ಬಾಯಿಟ್ಟು ಹೇಳಿದರು. ಅಂದಿನಿಂದ ಅವ್ವ ಸಾಯುವತನಕ, ಹನ್ನೆರಡು ವರ್ಷ, ಅಪ್ಪ ಅವಳೊಂದಿಗೆ ಮಾತಾಡಲಿಲ್ಲ. ‘ನಿಮ್ಮವ್ವಗ ಹೇಳು, ನೀರು ಕಾಯಸಂತ.’ ಅವ್ವ ಎರಡು ಮಾರು ದೂರದಲ್ಲಿ ಒಲೆಯ ಮುಂದೆ ಇರುತ್ತಿದ್ದಳು. ನಡುವೆ ನಾನು. ನನ್ನ ಮದುವೆಯಾದ ಮೇಲೆ ಕಾಂಚನಾ.

ಲೇಲೆಗೆ ಹೊಡೆದೆ. ಅವನಿಗೆ ಕನ್ನಡ ಬರುವುದಿಲ್ಲ, ಗೊತ್ತಿಲ್ಲದೆ ಹಾಕಿದ ಎಂದು ಆಮೇಲೆ ನನ್ನಷ್ಟಕ್ಕೇ ಒಪ್ಪಿಕೊಂಡೆ. ನಿಮ್ಮನ್ನು ಏನೂ ಕೇಳಲಿಲ್ಲ. ಈಗ ಕೇಳುತ್ತೇನೆ. ಹೆಡ್‌ಫೋನ್ ನಿಮ್ಮ ತಲೆಯ ಮೇಲಿತ್ತು. ಕೇಳಿಸಿತ್ತೇ?

ಇನ್ನೊಂದು. ಆಮೇಲೆ ಯಾರಾದರೂ ಮೊಬೈಲ್ ಎತ್ತಿ ಹಿಡಿದರೆ ಸಾಕು, ಅವ್ವ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಮೊಮ್ಮಗಳ ಹುಟ್ಟುಹಬ್ಬದ ವಿಡಿಯೋದಲ್ಲೂ ಅವಳ ದನಿ ಇಲ್ಲ. ಇರುವುದು ನಿಮ್ಮ ಡಿಸ್ಕಿನಲ್ಲಿ ಮಾತ್ರ. ಅದು ನನಗೆ ಬೇಕು. ಚಿತ್ರ ತೋರಿಸುವ ಮಾತು ಆಮೇಲೆ.

ಚನ್ನಪ್ಪ ಬಾಳಪ್ಪ


ನೆರೂಳ್
27 ಜನವರಿ 2017

ಚನ್ನು,

ನೀನು ‘ನೀವು’ ಎಂದು ಬರೆದದ್ದನ್ನು ಒಪ್ಪಿಕೊಂಡಿದ್ದೇನೆ. ನನಗೆ ಹಾಗೆ ಬರೆಯಲು ಬರುವುದಿಲ್ಲ.

ನಾನು ಈಗ ಡಬ್ಬಿಂಗ್ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತೇನೆ. ದಿನಕ್ಕೆ ಎಂಟು ಗಂಟೆ ಬೇರೆಯವರ ಬಾಯಿಗೆ ಬೇರೆಯವರ ದನಿ ಕೂರಿಸುವುದು. ಅಲ್ಲಿಯ ಹಳೆಯ ಯಂತ್ರದಲ್ಲಿ ಡಿಸ್ಕು ಓಡಿತು. ಜೊತೆಯಲ್ಲಿರುವ ಸಿ.ಡಿ.ಯಲ್ಲಿ ಅವ್ವನ ದನಿ ಇದೆ. ಪಕ್ಕದ ಮನೆಯ ಚಂದ್ರಬಾಯಿ ಅಕ್ಕನೊಂದಿಗೆ ನಗುತ್ತಿದ್ದಾರೆ. ‘ಎಂಟ ದಿನ ನನ್ನ ಮೂಕಿ ಮಾಡಿ ಕುಂದರಿಸ್ಯಾರ ನೋಡಕ್ಕಾ. ಪಿಕ್ಚರನ್ಯಾಗ ಒಂದ ಮಾತರ ಕೊಡ್ರೆಪಾ ಅಂದರ, ನಿನ್ನ ಮಾರೀನ ಮಾತಾಡ್ತೈತಿ ಅಂತಾನ ಆ ಕನ್ನಡಕದಾಂವ.’ ಕನ್ನಡಕದವನು ಲೇಲೆ. ಎಷ್ಟು ನಿಚ್ಚಳ ದನಿ, ನೋಡು.

ನಿನ್ನ ಪ್ರಶ್ನೆ. ನಾನು ಮನೆಯ ಹೊರಗಿದ್ದೆ, ಕಿಟಕಿಯಿಂದ ಕೋಲು ಒಳಗೆ ಚಾಚಿದ್ದೆ. ಹೆಡ್‌ಫೋನ್ ಹಳೆಯದು, ಎಡಗಡೆಯದು ಬಿಟ್ಟು ಬಿಟ್ಟು ಕೆಲಸ ಮಾಡುತ್ತಿತ್ತು. ಇಪ್ಪತ್ತರ ವಯಸ್ಸಿನಲ್ಲಿ ಶಬ್ದ ಅಳೆಯುವ ಮೀಟರಿನ ಮುಳ್ಳು ಕೆಂಪಿಗೆ ಹೋಗದಿದ್ದರೆ ಸಾಕು ಅನ್ನಿಸುತ್ತದೆ. ಕೇಳುವುದಕ್ಕೂ ಹಿಡಿಯುವುದಕ್ಕೂ ವ್ಯತ್ಯಾಸ ಇದೆ ಎಂದು ಈ ಕೆಲಸದವರೆಲ್ಲ ಹೇಳುತ್ತಾರೆ.

ಲೇಲೆಗೆ ಇನ್ನೂ ಏನೂ ಹೇಳಿಲ್ಲ.

ಪ್ರಣೀತಾ


ಕಲ್ಯಾಣ
14 ಫೆಬ್ರವರಿ 2017

ಪ್ರಣೀತಾ ಅವರಿಗೆ,

ಸಿ.ಡಿ. ಕೇಳಿದೆವು. ಕಾಂಚನಾ ಅತ್ತಳು. ಮಗಳು ‘ಆಜೀ ಆಹೆ ಕಾ ಹೀ?’ ಎಂದು ಮರಾಠಿಯಲ್ಲಿ ಕೇಳಿದಳು. ಹೌದು, ಅಜ್ಜಿನೇ ಅಂದೆ.

ಲೇಲೆಯ ನಿಯಮ ಒಂದು ನಿಮಿಷದ್ದು. ನೀವು ಕಳಿಸಿದ್ದು ಹತ್ತೊಂಬತ್ತು ಸೆಕೆಂಡು. ನಾನು ಗೋದಾಮಿನಲ್ಲಿ ಸರಕು ಒಪ್ಪಿಸಿಕೊಳ್ಳುವ ಮನುಷ್ಯ. ಪೆಟ್ಟಿಗೆ ಒಡೆದು ಮತ್ತೆ ಟೇಪು ಹಚ್ಚಿದ್ದು ನೋಡಿದ ಕೂಡಲೇ ಗೊತ್ತಾಗುತ್ತದೆ.

ಉಳಿದ ನಲವತ್ತೊಂದು ಎಲ್ಲಿ?

ಚನ್ನಪ್ಪ


ನೆರೂಳ್
9 ಏಪ್ರಿಲ್ 2017

ಚನ್ನು,

ಕೇಳಿಸಿತ್ತು.

ಈ ಒಂದು ಶಬ್ದ ಬರೆಯಲು ಎರಡು ತಿಂಗಳು ಹಿಡಿಯಿತು. ಎಡಗಡೆಯ ಹೆಡ್‌ಫೋನ್ ಕೆಟ್ಟದ್ದು ನಿಜ, ಬಲಗಡೆಯದು ಚೆನ್ನಾಗಿತ್ತು.

ಇಡೀ ನಿಮಿಷ ಕಳಿಸುತ್ತಿದ್ದೇನೆ. ಹತ್ತೊಂಬತ್ತು ಸೆಕೆಂಡಿನವರೆಗೆ ನಗು. ಆಮೇಲೆ ಬಾಯ್ಲರು, ಬಳೆ. ಆಗಲೇ ನಾನು ಕೈ ಎತ್ತಿ ನಿಲ್ಲಿಸಬೇಕಾಗಿತ್ತು, ನಿಮಿಷ ಕೆಟ್ಟಿತ್ತು. ಎತ್ತಲಿಲ್ಲ. ನೀನು ಓಣಿಯ ತುದಿಯಲ್ಲಿ ಸೈಕಲ್ಲಿನವರನ್ನು ತಡೆದು ನಿಂತಿದ್ದೆ. ಮೂವತ್ತೊಂದನೇ ಸೆಕೆಂಡಿಗೆ ಅವ್ವ ಕಿಟಕಿಯ ಕಡೆ ತಿರುಗಿದರು. ನೇರ ನನ್ನನ್ನೇ ನೋಡಿ ಸಣ್ಣಗೆ ಕೇಳಿದರು: ‘ಕೇಳಸ್ತೈತೇನವ್ವಾ ನಿನಗ?’

ನಾನು ಉತ್ತರ ಕೊಡಲಿಲ್ಲ. ಆ ನಿಮಿಷದಲ್ಲಿ ಮಾತಾಡಬಾರದು ಎಂಬ ನಿಯಮ. ಕೆಟ್ಟ ನಿಮಿಷಕ್ಕೂ ಆ ನಿಯಮ ಯಾಕೆ ಪಾಲಿಸಿದೆ ಎಂದು ಈಗ ಕೇಳಿದರೆ ಹೇಳಲಾರೆ. ತಲೆಯನ್ನಾದರೂ ಆಡಿಸಬಹುದಾಗಿತ್ತು. ಮೀಟರ್ ನೋಡುವವಳ ಹಾಗೆ ಕಣ್ಣು ಕೆಳಗೆ ಹಾಕಿದೆ. ಒಂಬತ್ತು ಸೆಕೆಂಡು ಏನೂ ಇಲ್ಲ. ಆಮೇಲೆ ಅವರು ಅಕ್ಕನ ಕಡೆ ತಿರುಗಿ ಆ ಮಾತು ಹೇಳಿದರು. ‘ಬಾಯಿ ಮುಚ್ಚ, ಯಾರರೆ ಕೇಳ್ಯಾರು’ ಎನ್ನುವುದು ಚಂದ್ರಬಾಯಿ. ಕೊನೆಗೆ ಓಣಿಯಲ್ಲಿ ಗಡಿಯಾರ ನೋಡುತ್ತಾ ನಿಂತಿದ್ದ ಲೇಲೆಯ ‘ಕಟ್’. ನಾನು ‘ಕೆಟ್ಟಿದೆ, ಇನ್ನೊಂದು’ ಅಂದೆ. ಎರಡನೇ ನಿಮಿಷದಲ್ಲಿ ಯಾರೂ ಉಸಿರೂ ಬಿಡಲಿಲ್ಲ.

ಲೇಲೆ ಖಾಲಿ ಹೊಸ್ತಿಲಿನ ಶಾಟಿಗೆ ಮೊದಲು ಆ ಶುದ್ಧ ಮೌನವನ್ನೇ ಹಾಕಿದ. ಸತ್ತ ಹಾಗಿದೆ ಅಂದ. ಕೆಟ್ಟದ್ದನ್ನು ಹಾಕಿದ. ಕೊನೆಯ ಇಪ್ಪತ್ತು ಸೆಕೆಂಡು, ಸಣ್ಣಗೆ. ಹೊಸ್ತಿಲಿಗೆ ಜೀವ ಬಂತು, ಅವ್ವ ಈಗಷ್ಟೇ ಎದ್ದು ಹೋದ ಹಾಗೆ. ‘ಏನು ಹೇಳುತ್ತಿದ್ದಾಳೆ?’ ಎಂದು ಕೇಳಿದ. ‘ಏನಿಲ್ಲ, ಮನೆಯ ಮಾತು’ ಅಂದವಳು ನಾನು.

ಯಾಕೆ ಅಂದೆ ಎಂಬುದಕ್ಕೆ ಇಷ್ಟು ವರ್ಷ ಒಳ್ಳೊಳ್ಳೆಯ ಕಾರಣ ಇಟ್ಟುಕೊಂಡಿದ್ದೆ. ಲೇಲೆಗೆ ಅರ್ಥ ಹೇಳಿದರೆ ನಿಮ್ಮ ಮನೆಯ ಗುಟ್ಟು ಬಿಟ್ಟುಕೊಟ್ಟ ಹಾಗೆ. ಅವನ ಸಣ್ಣ ಸ್ಪೀಕರಿನಲ್ಲಿ ಯಾರಿಗೂ ತಿಳಿಯುವಂತಿರಲಿಲ್ಲ. ಎರಡೂ ನಿಜವೇ. ಆದರೆ ಅವು ಕಾರಣವಲ್ಲ. ಅದು ನಾನು ಹಿಡಿದ ಅತ್ಯುತ್ತಮ ಶಬ್ದವಾಗಿತ್ತು, ಚನ್ನು. ಇವತ್ತಿಗೂ ಅದೇ. ಲೇಲೆಗೆ ಅದು ಬರೀ ದನಿ. ಅರ್ಥ ಗೊತ್ತಿದ್ದ ನಾನೂ ಅದನ್ನು ಬರೀ ದನಿ ಮಾಡಿಕೊಂಡೆ. ಸಂಘದವರು ಕರೆದಾಗ ಅಲ್ಲಿಯ ಸ್ಪೀಕರುಗಳು ನನ್ನ ಕಣ್ಣ ಮುಂದೆ ಬಂದವು. ಆಗಲೂ ಸುಮ್ಮನಿದ್ದೆ.

ಅವ್ವನ ಆ ಪ್ರಶ್ನೆ ಚಿತ್ರದಲ್ಲಿ ಇಲ್ಲ. ಅದನ್ನು ನಾನು ಮತ್ತು ಚಂದ್ರಬಾಯಿ ಬಿಟ್ಟರೆ ಯಾರೂ ಕೇಳಿಲ್ಲ. ಈಗ ನೀನು ಕೇಳುತ್ತೀ.

ಕ್ಷಮೆ ಕೇಳಿದರೆ ನಿನಗೆ ಇನ್ನೊಂದು ಕೆಲಸ ಹಚ್ಚಿದ ಹಾಗಾಗುತ್ತದೆ. ಕೇಳುವುದಿಲ್ಲ.

ಪ್ರಣೀತಾ


ಕಲ್ಯಾಣ
25 ಮೇ 2017, ಗುರುವಾರ

ಪ್ರಣೀತಾ,

ಸಿ.ಡಿ. ಆರು ವಾರ ಕಪಾಟಿನ ಮೇಲಿತ್ತು. ಕೇಳಿದ ದಿನ ನಿನ್ನನ್ನು ಬಯ್ದು ನಾಲ್ಕು ಪುಟ ಬರೆದೆ. ಅದನ್ನು ಕಳಿಸುತ್ತಿಲ್ಲ. ನಿನಗೆ ಬಯ್ಯಬೇಕೆಂದರೆ ಏಕವಚನವೇ ಬೇಕಾಯಿತು. ಅದೇ ಉಳಿದುಕೊಂಡಿದೆ.

ನಿನಗೆ ಗೊತ್ತಿಲ್ಲದ್ದು ಒಂದಿದೆ. ಲೇಲೆಯ ಎಡಿಟಿಂಗ್ ನಡೆಯುತ್ತಿದ್ದಾಗ ಅವ್ವ ಒಂದು ದಿನ ನನ್ನನ್ನು ಕೇಳಿದ್ದಳು, ‘ನಾ ಮಾತಾಡಿದ್ದೇನರ ಬರ್ತೈತೇನೋ ಅದರಾಗ?’ ನಾನು, ‘ನಿಂದ ಮಾತ ಇಲ್ಲ ಬಿಡವ್ವಾ ಅದರಾಗ’ ಅಂದಿದ್ದೆ. ಅವಳು ‘ಹಂಗಾದರ ಆತು’ ಅಂದಳು. ಸಮಾಧಾನದಿಂದ ಅಂದಳೋ, ಬೇಸರದಿಂದ ಅಂದಳೋ, ಆಗ ನಾನು ನೋಡಲಿಲ್ಲ.

ಇನ್ನೊಂದು. ಶಂಕ್ರೆಪ್ಪಣ್ಣನ ಮನೆಯವರನ್ನು ಸಂಘಕ್ಕೆ ಕರೆದವಳು ಅವ್ವ. ಅವರು ಭಿವಂಡಿಗೆ ಹೋದ ಮೇಲೆ ನಮಗೂ ಅವರಿಗೂ ಹೋಗುಬರುವುದು ನಿಂತಿತ್ತು. ಅವ್ವ ಒಬ್ಬಳೇ ಎಸ್.ಟಿ. ಬಸ್ಸಿನಲ್ಲಿ ಹೋಗಿ, ಅವನ ಹೆಂಡತಿಗೆ ಕುಂಕುಮ ಹಚ್ಚಿ, ಮದುವೆಗೆ ಕರೆದ ಹಾಗೆ ಕರೆದು ಬಂದಳು. ಮಗನ ಪಿಕ್ಚರಿನ ಹೆಮ್ಮೆಯಿಂದ ಕರೆದಳು ಎಂದು ಇಷ್ಟು ದಿನ ತಿಳಿದಿದ್ದೆ. ನಿನ್ನ ಮೂವತ್ತೊಂದನೇ ಸೆಕೆಂಡು ಕೇಳಿದ ಮೇಲೆ ಏನು ತಿಳಿಯಬೇಕೋ ಗೊತ್ತಾಗುತ್ತಿಲ್ಲ.

ನಿನ್ನೆ ಅಪ್ಪನಿಗೆ ಕೇಳಿಸಿದೆ. ಮಷೀನು ಹಾಕಿದರೆ ಈಗ ಒಂದು ಕಿವಿ ಕೇಳುತ್ತದೆ. ಅದರ ಮೇಲೆ ಮಗಳ ಹೆಡ್‌ಫೋನ್ ಹಿಡಿದೆ. ಮೊದಲ ಸಲ ನಗುವನ್ನು ಕೇಳಿ ಅವನ ಮೋರೆ ಸಡಿಲಾಯಿತು. ಆಮೇಲೆ ಬಿಗಿಯಿತು. ಹೆಡ್‌ಫೋನ್ ತೆಗೆಯುತ್ತಾನೆ ಅಂದುಕೊಂಡೆ. ‘ಇನ್ನೊಮ್ಮೆ ಹಚ್ಚು’ ಅಂದ. ಮೂರು ಸಲ ಕೇಳಿದ. ಕಾಂಚನಾ ಚಹಾ ತಂದಿಟ್ಟಳು, ಆರಿತು.

‘ಅಕೀ ಇವರ ಅಂದಾಳ ನೋಡು’ ಅಂದ. ‘ಅಂಥಾದ್ದರಾಗೂ ನನ್ನ ಹೆಸರ ಹಿಡೀಲಿಲ್ಲ.’

ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ, ನಿನಗೆ ಗೊತ್ತು. ಹನ್ನೆರಡು ವರ್ಷ ಅವನು ಜನರ ಬಾಯಿಂದ ‘ಬಾಳಪ್ಪನ ಕೈಲೆ ಆತಂತ’ ಎಂದೇ ಕೇಳಿದ್ದ. ಅವಳು ಅಂದ ಮಾತನ್ನು ಅವಳ ದನಿಯಲ್ಲಿ ಕೇಳಿದ್ದು ನಿನ್ನೆಯೇ ಮೊದಲು.

ಹೆಡ್‌ಫೋನ್ ಕೆಳಗಿಟ್ಟು ಕೇಳಿದ, ‘ಶಂಕ್ರೆಪ್ಪ ಇನ್ನ ಅದಾನೇನು?’

ಇದಾನೆ. ಭಿವಂಡಿಯಲ್ಲಿ ನಾನು ಕೆಲಸ ಮಾಡುವ ಗೋದಾಮಿನಿಂದ ಮೂರನೇ ಗೇಟಿಗೆ ಅವನೇ ವಾಚ್‌ಮನ್. ಆರು ವರ್ಷದಿಂದ ನಾನು ಹಿಂದಿನ ಕೆಸರು ದಾರಿ ಹಿಡಿದು ಕೆಲಸಕ್ಕೆ ಹೋಗುತ್ತಿದ್ದೇನೆ, ಆ ಗೇಟು ದಾಟಬಾರದೆಂದು. ಅಪ್ಪನಿಗೆ ಇದನ್ನು ಎಂದೂ ಹೇಳಿರಲಿಲ್ಲ. ಸುಮ್ಮನಿದ್ದವರ ಲೆಕ್ಕದಲ್ಲಿ ನಿನ್ನನ್ನೊಬ್ಬಳನ್ನೇ ಹಿಡಿದರೆ ಆಗುವುದಿಲ್ಲ.

‘ಅದಾನ’ ಅಂದೆ. ‘ಹಂಗಾರ ಐತಾರ ಕರಕೊಂಡ ಹೋಗು’ ಅಂದ. ಹೋಗಿ ಏನು ಹೇಳುತ್ತಾನೋ ಕೇಳಲಿಲ್ಲ.

ಲೇಲೆಗೆ ಭಾನುವಾರದ ತನಕ ತಡೆಯಲು ಹೇಳು.

ಚನ್ನು


ನೆರೂಳ್
2 ಜುಲೈ 2017

ಚನ್ನು,

ಭಾನುವಾರದ ಬಗ್ಗೆ ನೀನು ಬರೆಯಲಿಲ್ಲ. ನಾನು ಕೇಳುವುದಿಲ್ಲ. ಸೋಮವಾರ ಬೆಳಿಗ್ಗೆ ಲೇಲೆಗೆ ನಿನ್ನಿಂದ, ತೋರಿಸು ಎಂದು ಎರಡೇ ಶಬ್ದದ ಸಂದೇಶ ಬಂತಂತೆ: ‘ದಿಖಾ ದೋ.’ ಮುಂದೆ ಇನ್ನೊಂದು: ಅವ್ವನ ಮಾತು ಇರಲಿ, ಕೇಳಿಸುವಷ್ಟು ಜೋರಾಗಿ. ಅದನ್ನು ಓದಿ ಆ ರಾತ್ರಿಯೇ ಡಿಸ್ಕುಗಳಿಂದ ಹಾಗೆ ಶಬ್ದ ಕೂರಿಸಿ ಅವನಿಗೆ ಕೊಟ್ಟೆ.

ಮೊನ್ನೆ ಠಾಣೆಯಲ್ಲಿ ತೋರಿಸಿದರು. ನೀನು ಬರುತ್ತೀ ಎಂದು ಬಾಗಿಲ ಹತ್ತಿರದ ಕುರ್ಚಿ ಹಿಡಿದಿದ್ದೆ. ನಮಗಿಂತ ಹತ್ತು ವರ್ಷ ಚಿಕ್ಕವರೇ ಹೆಚ್ಚು. ನಿನ್ನ ಚೌಕಟ್ಟುಗಳು ಚೆನ್ನಾಗಿವೆ. ಜೋಳದ ಮೊರದ ಮೇಲಿನ ಬೆಳಕು ನನಗೆ ಮರೆತೇಹೋಗಿತ್ತು. ಕೊನೆಯ ಶಾಟಿನಲ್ಲಿ ಅವ್ವನ ದನಿ ಬಂದಾಗ ಇಡೀ ಸಭೆಯಲ್ಲಿ ಅದು ತಿಳಿದವಳು ನಾನೊಬ್ಬಳೇ. ಸಂಘದಲ್ಲಿ ಆ ದಿನ ನಿನ್ನಪ್ಪನೊಬ್ಬನಿಗೇ ಕೇಳಿಸಲಿಲ್ಲ. ಮೊನ್ನೆ ನನ್ನೊಬ್ಬಳಿಗೇ ಕೇಳಿಸಿತು. ಜನ ಚಪ್ಪಾಳೆ ಹೊಡೆದರು. ನನ್ನ ಕೈ ಏಳಲಿಲ್ಲ.

ಹೊರಗೆ ಲೇಲೆ ಚಹಾ ಹಿಡಿದು ಬಂದ. ತಲೆ ಪೂರ್ತಿ ಬೋಳಾಗಿದೆ, ಕನ್ನಡಕ ಅದೇ. ‘ಕೊನೆಯಲ್ಲಿ ಅವರು ಏನು ಹೇಳುತ್ತಾರೆ? ಅವತ್ತು ಚನ್ನು ಹೊಡೆದ, ಯಾಕೆಂದು ಹೇಳಲಿಲ್ಲ’ ಎಂದು ಕೇಳಿದ. ಈ ಸಲ ಹೇಳಿದೆ, ವಾಲ್ವು, ಶಂಕ್ರೆಪ್ಪ, ಇವರು, ಎಲ್ಲ. ಹಿಂದಿಯಲ್ಲಿ ಅದು ಬಹಳ ಚಿಕ್ಕದಾಯಿತು. ಅವನು ಕಪ್ಪನ್ನು ಗೋಡೆಯ ಮೇಲಿಟ್ಟು, ‘ಆಗ ಯಾಕೆ ಹೇಳಲಿಲ್ಲ?’ ಅಂದ. ‘ಹೇಳಿದ್ದರೆ ಆ ದನಿ ತೆಗೆದುಹಾಕುತ್ತಿದ್ದೆಯಾ?’ ಅಂದೆ. ಅವನು ಕಪ್ಪನ್ನು ಮತ್ತೆ ಕೈಗೆತ್ತಿಕೊಂಡ.

ಮೂಲ ಡಿಸ್ಕನ್ನು ಈ ಪತ್ರದ ಜೊತೆ ಕಳಿಸುತ್ತಿದ್ದೇನೆ. ಅದು ನಿಮ್ಮ ಮನೆಯದು. ಮೇಲಿನ ‘ಕೆಟ್ಟಿದೆ’ ಎಂಬುದನ್ನು ಅಳಿಸಲು ಹೋದೆ, ಶಾಯಿ ಪ್ಲಾಸ್ಟಿಕ್ಕಿನಲ್ಲಿ ಇಳಿದುಬಿಟ್ಟಿದೆ. ಹಾಗೇ ಇರಲಿ.

ಕಳಿಸುವ ಮೊದಲು ಒಂದು ಸಲ ಕೇಳಿದೆ. ಮೂವತ್ತೊಂದರಿಂದ ನಲವತ್ತು, ಆ ಒಂಬತ್ತು ಸೆಕೆಂಡು ಮಾತ್ರ. ಬಾಯ್ಲರಿನ ಗುಂಯ್, ಎಲ್ಲೋ ಸೈಕಲ್ಲಿನ ಬೆಲ್ಲು, ಅದು ಬಹುಶಃ ನೀನು ತಡೆದ ಸೈಕಲ್ಲು. ಅವರು ನನ್ನನ್ನು ನೋಡುತ್ತಾ ಕಾಯುತ್ತಿದ್ದ ಹೊತ್ತು ಅದು. ನಿನ್ನನ್ನು ಕೇಳಿ ಪ್ರಯೋಜನವಿಲ್ಲ, ನಿನಗೂ ಗೊತ್ತಿಲ್ಲ. ಅವರನ್ನೇ ಕೇಳುತ್ತೇನೆ.

ಅವ್ವಾ, ಕೇಳಿಸುತ್ತದೆ ಎಂದು ಅವತ್ತು ನಾನು ತಲೆಯಾಡಿಸಿದ್ದರೆ, ನೀವು ಆ ಮುಂದಿನ ಮಾತು ಹೇಳುತ್ತಿದ್ದಿರಾ?

ಪ್ರಣೀತಾ